ಒಂದೇ ಸಲ ಒತ್ತುವ ಕವಾಟದಣ್ಣ

ಬಲೂನು ಹಾರಿಸುವ ಕೇಂದ್ರ ಎಂದ ಮೇಲೆ ಅಲ್ಲೊಬ್ಬ ಕವಾಟದಣ್ಣ ಇದ್ದೇ ಇರುತ್ತಾರೆ. ಒಳಗೆ ಯಾರೂ ಇಲ್ಲದ ಬಲೂನು ಮೋಡಕ್ಕೂ ಎಷ್ಟೋ ಮೇಲೆ ತೇಲುತ್ತಿರುತ್ತದೆ. ಅದನ್ನು ತುಸು ಇಳಿಸಬೇಕೆಂದರೆ ಇವರು ಕೆಳಗೆ ಕೂತು ಗುಂಡಿ ಒತ್ತಿ, ಅದರ ನೆತ್ತಿಯ ಕವಾಟ ತೆರೆದು ಚೂರೇ ಚೂರು ಅನಿಲ ಬಿಡುತ್ತಾರೆ. ಬಿಟ್ಟ ಅನಿಲ ಮರಳಿ ಬಾರದು, ಹಾಗಾಗಿ ಇವರದು ಜಿಪುಣನ ಕೈ. ಮನೆಯಲ್ಲೂ ಅಷ್ಟೇ, ಹೆಂಡತಿ ರೇಗಿದರೆ ಒಂದೇ ಒಂದು ಮಾತಾಡಿ, ಅದು ಕೆಲಸ ಮಾಡಲೆಂದು ಸಂಜೆವರೆಗೆ ಕಾಯುತ್ತಾರಂತೆ. ಪಕ್ಕದ ಕುರ್ಚಿಯ ಹೊಸಬನೋ ಲಿಫ್ಟಿನ ಗುಂಡಿಯನ್ನೇ ನಾಲ್ಕು ಸಲ ಒತ್ತುವ ಆಸಾಮಿ. "ಅಣ್ಣಾ, ನೀವು ಒತ್ತಿ ಐದು ನಿಮಿಷ ಆಯ್ತು, ಜಪ್ಪಯ್ಯ ಅಂದ್ರೂ ಇಳೀತಿಲ್ಲ! ಇನ್ನೊಂದ್ಸಲ ಒತ್ಲಾ?" "ಒತ್ತು ಮಾರಾಯ. ಆಮೇಲೆ ಅದನ್ನ ಯಾವ್ದಾದ್ರೂ ಕೆರೆಯಿಂದ ಎತ್ಕೊಂಡು ಬರೋಕೂ ನೀನೇ ಹೋಗು. ತಗೋ, ಮೊದ್ಲು ಟೀ ಕುಡಿ." ಟೀ ಮುಗಿಯುವಷ್ಟರಲ್ಲಿ ಬಲೂನು ಬೇಕಾದ ಎತ್ತರಕ್ಕೆ ಇಳಿದು ನಿಂತಿತು. ಇಪ್ಪತ್ತು ವರ್ಷದ ಆ ತಾಳ್ಮೆಗೆ ಮನಸ್ಸಿನಲ್ಲೇ ಕೈಮುಗಿದ ಹೊಸಬ ಲೋಟಗಳನ್ನು ಎತ್ತಲು ಬಗ್ಗಿದರೆ, ಅಣ್ಣನ ಟೀ ಮುಟ್ಟದೆ ಆರಿಹೋಗಿತ್ತು. ಅವರು ಅಷ್ಟು ಹೊತ್ತೂ ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದ, ಗುಂಡಿ ಒತ್ತುವ ಬಲಗೈಯನ್ನು ಆಗಷ್ಟೇ ಹೊರತೆಗೆದು, ಜೋಮು ಹಿಡಿದ ಬೆರಳುಗಳನ್ನು ನಗುತ್ತಾ ಉಜ್ಜಿಕೊಳ್ಳುತ್ತಿದ್ದರು.