ಐದನೆಯ ಗುಲಾಬಿ

ಯಾರಾದರೂ ಶಕುನ, ಸೂಚನೆ ಎಂದರೆ ನಾನು ಉರಿದುಬೀಳುತ್ತಿದ್ದೆ. ಕೆಲಸವಿಲ್ಲದವರ ಮಾತು ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ತೀರ್ಮಾನಿಸಿ.

2012ರ ಚಳಿಗಾಲ, ಆಗ ನಾವು ವಿದೇಶದಲ್ಲಿದ್ದೆವು. ರೆಕ್ಸ್‌ಡೇಲಿನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರುಮನೆಯವಳು ಎಲೆನಾ, ಬಲ್ಗೇರಿಯಾದವಳು. ಹಿಂದೊಮ್ಮೆ ಅವಳ ಹುಟ್ಟುಹಬ್ಬಕ್ಕೆ ನಾಲ್ಕು ಗುಲಾಬಿ ಒಯ್ದಿದ್ದೆ. ಅವರಲ್ಲಿ ಸಮಸಂಖ್ಯೆಯ ಹೂವು ಸತ್ತವರಿಗೆ ಮಾತ್ರವಂತೆ. ಅವಳು ನಗುತ್ತಲೇ ಒಂದನ್ನು ತೆಗೆದು ನನ್ನ ಜಡೆಗೆ ಸಿಕ್ಕಿಸಿದ್ದಳು. ಅಂದಿನಿಂದ ಎಣಿಸದೆ ಅವಳ ಮನೆಗೆ ಹೂವು ಒಯ್ದವಳಲ್ಲ ನಾನು.

ಅವಳ ತಮ್ಮ ಬಲ್ಗೇರಿಯಾದಲ್ಲಿ ರಕ್ತದ ಕಾಯಿಲೆಯಿಂದ ಮಲಗಿದ್ದ. ಅಲ್ಲಿನ ಆಸ್ಪತ್ರೆಯಲ್ಲಿ ಔಷಧಿ ಇಲ್ಲ. ಅವಳ ಅಕ್ಕ ಇರುವ ಜರ್ಮನಿಯ ಊರಿನಲ್ಲಿ ಅದೇ ಔಷಧಿಯನ್ನು ದಿನವೂ ಕೊಡುತ್ತಿದ್ದರು. ಎರಡೂ ದೇಶ ಯುರೋಪಿನ ಒಂದೇ ಒಕ್ಕೂಟದವು, ಹೆಸರಿಗೆ ಒಂದೇ ಮನೆ. ಒಂದು ಪಂಕ್ತಿಗೆ ಹೋಳಿಗೆ, ಇನ್ನೊಂದಕ್ಕೆ ಬರಿ ಎಲೆ. ಅವರು ಕೇಳಲಿ ಎಂದು ಜರ್ಮನಿಯವರು, ಇವರು ಕಳಿಸಲಿ ಎಂದು ಬಲ್ಗೇರಿಯಾದವರು ಕಾಯುತ್ತಿದ್ದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೊಂದು ದಿನ ಎರಡೂ ಕಡೆಯ ಡಾಕ್ಟರುಗಳು ನೇರವಾಗಿ ಫೋನಿನಲ್ಲಿ ಮಾತಾಡಿದರು. ಅಷ್ಟೇ, ಅಂದೇ ಎಲ್ಲ ಬಗೆಹರಿಯಿತು. ರೋಗಿಯನ್ನು ಜರ್ಮನಿಗೆ ಕರೆತನ್ನಿ ಎಂದರು.

ಆ ಖುಷಿಗೆ ಸಂಜೆ ಐದು ಗುಲಾಬಿ ಕೊಂಡೆ. ಅಂಗಡಿಯಲ್ಲಿ ಎಣಿಸಿ ಕಾಗದ ಸುತ್ತಿಸಿದೆ. ಲಿಫ್ಟಿನಲ್ಲಿ ಕಾಗದ ಸರಿಸಿ ಮತ್ತೆ ಎಣಿಸಿದೆ.

"ಐದೇ ಇದೆ ಕಣೇ, ಎಷ್ಟು ಸಲ ಕೌಂಟ್ ಮಾಡ್ತೀಯಾ?" ಎಂದು ಜೊತೆಗಿದ್ದ ನಮ್ಮ ಯಜಮಾನರು ರೇಗಿಸಿದರು.

ಎಲೆನಾ ಕಾಗದ ಬಿಚ್ಚಿದಳು. ನಾಲ್ಕೇ ಇದ್ದವು. ಅವಳು ನಕ್ಕು ನನ್ನ ಜಡೆಯತ್ತ ನೋಡಿದಳು. ಅಲ್ಲೇನೂ ಇರಲಿಲ್ಲ. ಅಷ್ಟರಲ್ಲಿ ಅಕ್ಕನ ಫೋನು ಬಂತು. ಊರು ಬಿಡುವ ಮೊದಲೇ ತಮ್ಮ ತೀರಿಕೊಂಡಿದ್ದ.

ಆಮೇಲೆ ನಾನೂ ಯಜಮಾನರೂ ಕಾರಿಡಾರು, ಲಿಫ್ಟು, ಕಾರು ಎಲ್ಲ ಹುಡುಕಿದೆವು. ಒಂದು ಎಸಳೂ ಸಿಗಲಿಲ್ಲ. "ನಾನೂ ನೋಡಿದ್ನಲ್ಲೇ, ಐದಿತ್ತು" ಎಂದು ಯಜಮಾನರು ಇಂದಿಗೂ ಹೇಳುತ್ತಾರೆ. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿಲ್ಲ.

ಎಲೆನಾ ಆ ನಾಲ್ಕನ್ನೇ ತಮ್ಮನ ಫೋಟೋದ ಮುಂದಿಟ್ಟಳು. ಐದನೆಯದು ಎಲ್ಲಿ ಹೋಯಿತು ಎಂದು ನನ್ನನ್ನು ಕೇಳಬೇಡಿ, ನನಗೆ ಗೊತ್ತಿಲ್ಲ. ಆ ಒಂದು ಫೋನನ್ನು ಮೊದಲೇ ಏಕೆ ಮಾಡಲಿಲ್ಲ ಎಂದು ಆ ಡಾಕ್ಟರುಗಳನ್ನು ಕೇಳಿ.