‘ನಂಬುತ್ತೇನೆ’ ಎನ್ನಲಾಗದ ಭಾನುವಾರ

ಪವಾಡ, ದೈವವಾಣಿ ಎಂದು ಯಾರಾದರೂ ಶುರುಮಾಡಿದರೆ ಮೊದಲು ಎದ್ದುಹೋಗುತ್ತಿದ್ದವನು ನಾನು. ಧಾರವಾಡದ ಕ್ರೈಸ್ತ ಮನೆತನದಲ್ಲಿ ಹುಟ್ಟಿದವನು. ಭಾನುವಾರ ಚರ್ಚಿಗೂ ಹೋಗುತ್ತಿದ್ದೆ. ಅದು ಹೆಂಡತಿ ಸುಲೋಚನಾಳ ಸಮಾಧಾನಕ್ಕೆ. ದೇವರ ಮೇಲೆ ನಂಬಿಕೆ ಮಾತ್ರ ಬಂದಿರಲೇ ಇಲ್ಲ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ.

ವಿಮಾ ಕಚೇರಿಯ ವರ್ಗಾವಣೆಯಿಂದ ನಾವಾಗ ಅಹಮದಾಬಾದಿನ ಚಾಂದ್‌ಖೇಡಾದಲ್ಲಿದ್ದೆವು. ಸುಲೋಚನಾಳಿಗೆ ಹೃದಯದ ಆಪರೇಷನ್ ಆಗಬೇಕಿತ್ತು, ಸೋಮವಾರ ಆಸ್ಪತ್ರೆಗೆ ಸೇರುವುದಿತ್ತು. ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಅಲ್ಲಿನ ನಾಲ್ಕಾರು ಕನ್ನಡ ಕ್ರೈಸ್ತ ಕುಟುಂಬಗಳು ನಮ್ಮ ಮನೆಯಲ್ಲಿ ಪ್ರಾರ್ಥನೆಗೆ ಸೇರುವುದೆಂದಾಯಿತು. ಅಂದು ಬೆಳಿಗ್ಗೆ ಅವಳು ನನ್ನ ಕೈ ಹಿಡಿದು, “ನನಗ ಭಾಳ ಅಂಜಿಕಿ ಆಗೇದರಿ. ಇವತ್ತೊಂದಿನ ಖರೇನ ನಂಬಿ ಪ್ರಾರ್ಥನಾ ಮಾಡ್ರಿ,” ಎಂದಳು.

“ಅಲ್ಲ ಸುಲೂ, ನಂಬಬೇಕು ಅಂದಕೂಡ್ಲೆ ನಂಬಿಕಿ ಬರ್ತದೇನು? ಅದೇನು ಫ್ಯಾನಿನ ಸ್ವಿಚ್ಚೇನು?” ಎಂದು ರೇಗಿದೆ. ಅವಳ ಕಣ್ಣು ತುಂಬಿತು. “ಆತು ಬಿಡು, ನಂಬತೀನಿ,” ಎಂದೆ. ಬಾಯಿಮಾತಿಗಲ್ಲ, ಇವತ್ತು ನಂಬಿಯೇ ತೀರಬೇಕೆಂದು ನಿಜಕ್ಕೂ ನಿಶ್ಚಯಿಸಿದೆ.

ಎಲ್ಲರೂ ಬಂದರು. ಕೀರ್ತನೆ ಹಾಡಿ, ಎದ್ದುನಿಂತು, ‘ದೇವರನ್ನು ನಂಬುತ್ತೇನೆ’ ಎಂದು ಮತ್ತೆಮತ್ತೆ ಸಾರುವ ವಿಶ್ವಾಸಪ್ರಮಾಣ ಹೇಳತೊಡಗಿದೆವು. ಚಿಕ್ಕಂದಿನಿಂದ ಗಿಳಿಯಂತೆ ಒಪ್ಪಿಸುತ್ತಿದ್ದುದನ್ನು ಅಂದು ಮನಸ್ಸಿಟ್ಟು ಹೇಳಿದೆ. ‘ನಂಬುತ್ತೇನೆ’ ಎಂಬಲ್ಲಿಗೆ ಬಂದಾಗ ದನಿ ನಿಂತುಹೋಯಿತು. ಮುಂದಿನ ಮಾತುಗಳು ಸಲೀಸಾಗಿ ಬಂದವು. ಮತ್ತೆ ಅದೇ ಮಾತು ಬಂದಾಗ ಮತ್ತೆ ದನಿಯಿಲ್ಲ. ಯಾರೋ ನನ್ನ ಬಾಯಿಯ ಮೇಲೆ ಮೆಲ್ಲಗೆ ಕೈಯಿಟ್ಟಿದ್ದರು. ಆ ಅಂಗೈಯ ಬಿಸಿ ತುಟಿಗೆ ತಾಗುತ್ತಿತ್ತು, ದೇವರಾಣೆ! ಹಾಗೆ ಆಣೆ ಇಡುವ ಹಕ್ಕು ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಎದುರಿಗೆ ಯಾರೂ ಇರಲಿಲ್ಲ. ನನ್ನನ್ನೇ ನೆಚ್ಚಿಕೊಂಡವಳಿಗೆ ಕೈಕೊಟ್ಟೆನಲ್ಲ ಎಂದು ಅಳುವೇ ಬಂತು.

ಎಲ್ಲರೂ ಹೋದಮೇಲೆ ತಲೆತಗ್ಗಿಸಿ ಕೂತಿದ್ದೆ. ಸುಲೋಚನಾ ಬಂದು ಪಕ್ಕದಲ್ಲಿ ಕೂತಳು. “ಇಷ್ಟು ವರ್ಷ ಗಡಗಡ ಅಂದುಬಿಡ್ತಿದ್ರಿ. ಅದರಾಗ ಏನೂ ಇಲ್ಲಂತ ನನಗ ಗೊತ್ತಿತ್ತು. ಇವತ್ತು ಖರೇನ ಮನಸ್ಸಿನಿಂದ ಅನ್ನಲಿಕ್ಕೆ ಹೋದ್ರಿ, ಅದಕ್ಕ ನಿಮಗ ಅನ್ನಲಿಕ್ಕೇ ಆಗಲಿಲ್ಲ ನೋಡ್ರಿ, ನನ್ನ ಅಂಜಿಕಿ ಹೋತು,” ಎಂದಳು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಆಮೇಲೆ ಗಂಟಲಿನ ಡಾಕ್ಟರು ನನ್ನ ಬಾಯಿಗೆ ಟಾರ್ಚ್ ಹಾಕಿ ನೋಡಿ, ಏನೂ ಆಗಿಲ್ಲ ಹೋಗಿ ಎಂದರು. ಕಚೇರಿಯಲ್ಲಿ, ಅಂಗಡಿಯಲ್ಲಿ ಆ ಮಾತು ಸರಾಗವಾಗಿ ಬರುತ್ತದೆ. ಪ್ರಾರ್ಥನೆಯಲ್ಲಿ ಮಾತ್ರ ಇಂದಿಗೂ ಬಾರದು. ನಾನು ನಂಬುವವನೋ ಅಲ್ಲವೋ, ಅಂದು ನಂಬಬೇಕೆಂದು ನಿಶ್ಚಯಿಸಿದ್ದು ನಾನೋ ಇನ್ಯಾರೋ, ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ. ಪ್ರತಿ ಭಾನುವಾರ ಆ ಮಾತು ಬಂದಾಗ ನಾನು ಸುಮ್ಮನಾಗುತ್ತೇನೆ. ಪಕ್ಕದಲ್ಲಿ ನಿಂತ ಸುಲೋಚನಾ ಅಲ್ಲಿ ಮಾತ್ರ ದನಿಯನ್ನು ಸ್ವಲ್ಪ ಏರಿಸುತ್ತಾಳೆ.