ಮೈದಾನಕ್ಕೆ ಬೆನ್ನು ಹಾಕಿದ ಕುರ್ಚಿ

ನವರಾತ್ರಿ ಹತ್ತಿರ ಬಂತೆಂದರೆ ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಇಳಿಸುವವನೂ ಮಗ, ಮೆಲ್ಲಗಿಳಿಸೋ ಎಂದು ಬೈಸಿಕೊಳ್ಳುವವನೂ ಮಗ. ಈ ಸಲ ಮುಚ್ಚಳ ತೆಗೆದೊಡನೆ ನುಸಿಗುಳಿಗೆಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಪಟ್ಟದ ಗೊಂಬೆಗಳಲ್ಲಿ ರಾಜ ನಮ್ಮ ಯಜಮಾನರ ಹಳೆಯ ಪಂಚೆಯಲ್ಲಿ ನೆಮ್ಮದಿಯಾಗಿ ಮಲಗಿದ್ದ. ರಾಣಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೊಡವಿದರೆ, ಅಯ್ಯೋ ದೇವರೇ, ನಾನು ಹಾಕಿ ತಂಡದಲ್ಲಿ ಆಡುತ್ತಿದ್ದ ಕಾಲದ ಬಿಳಿ ಸ್ಕರ್ಟು! ಯಾವ ವರ್ಷ ಯಾವ ಅವಸರದಲ್ಲಿ ಮಹಾರಾಣಿಯವರಿಗೆ ಅದನ್ನು ಉಡಿಸಿದೆನೋ ನೆನಪಿಲ್ಲ.

ನಗಬೇಡಿ, ಬಾಗಿಲು ಹಾಕಿಕೊಂಡು ಒಮ್ಮೆ ಸೊಂಟಕ್ಕೆ ಸುತ್ತಿ ನೋಡಿದೆ. ಎರಡು ತುದಿಗಳಿಗೂ ಮುಖ ನೋಡಿಕೊಳ್ಳುವ ಭಾಗ್ಯವಿರಲಿಲ್ಲ. ಫೋಟೋ ತೆಗೆದು ನಸ್ರೀನ್‌ಗೆ ಕಳಿಸಿದೆ. ಆ ತಂಡದಲ್ಲಿ ಅವಳು ಗೋಲ್‌ಕೀಪರ್, ನಾನು ಅವಳ ಮುಂದೆ ನಿಲ್ಲುತ್ತಿದ್ದ ಫುಲ್‌ಬ್ಯಾಕ್. ಈಗ ಕುಕ್ ಟೌನ್ ಕಡೆಯ ಒಂದು ಮೈದಾನದಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಾಳೆ. ಕ್ಷಣದಲ್ಲಿ ಫೋನು ಬಂತು.

"ಇನ್ನೂ ಇಟ್ಕೊಂಡಿದ್ದೀಯೇನೇ ಆ ದರಿದ್ರಾನ? ಒರೆಸೋ ಬಟ್ಟೆ ಮಾಡು. ಅದ್ಸರಿ, ಶನಿವಾರ ಗ್ರೌಂಡಿಗೆ ಬಾ. ನಮ್ಮ ಹುಡುಗಿ ಭಾಗ್ಯನ್ನ ಲೀಗ್ ಟೀಮಿಗೆ ತಗೊಂಡಿದ್ದಾರೆ. ಆದ್ರೆ ಇದೇ ಸ್ಕರ್ಟ್ ಅಡ್ಡ ಬಂದಿದೆ."

ಇದೇ ಸ್ಕರ್ಟ್! ಇಷ್ಟು ವರ್ಷವಾದ ಮೇಲೂ? ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆಂದು ಮನೆಯವರೆಲ್ಲ ಹೇಳುತ್ತಾರೆ. ಅವತ್ತು ಅದು ಅಂಗಾಲಿನವರೆಗೂ ಇಳಿಯಿತು. ಗೊಂಬೆಗಳನ್ನು ಅರ್ಧಕ್ಕೇ ಬಿಟ್ಟು ಆ ಸ್ಕರ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತೆ.

ನಾವು ಆಡುತ್ತಿದ್ದುದು ಹವ್ಯಾಸಕ್ಕಲ್ಲ. ಹೆಸರು ಬೇಡ, ಒಂದು ಕಂಪನಿ ಆಟಕ್ಕೆಂದೇ ನಮ್ಮನ್ನು ಕೆಲಸಕ್ಕೆ ತೆಗೆದುಕೊಂಡಿತ್ತು. ಬೆಳಿಗ್ಗೆ ಮೈದಾನ, ಮಧ್ಯಾಹ್ನ ಫೈಲು. ಫೈಲುಗಳ ಬಗ್ಗೆ ಕೇಳಬೇಡಿ. ಆಟದಲ್ಲಿ ಮಾತ್ರ ಯಾರಿಗೂ ಕಡಿಮೆಯಿರಲಿಲ್ಲ. ಗಂಡಸರ ತಂಡಕ್ಕೆ ಜೇಬಿರುವ ಚಡ್ಡಿ, ನಮಗೆ ಮಡಿಕೆ ಮಡಿಕೆಯ ಬಿಳಿ ಸ್ಕರ್ಟು. ಅದನ್ನು ಹಾಕಿಕೊಂಡು ಹಲಸೂರಿನ ಬಸ್‌ಸ್ಟಾಪಿನಲ್ಲಿ ನಿಂತರೆ "ಏನಮ್ಮಾ ಇಷ್ಟು ಗಿಡ್ಡ?" ಎನ್ನುವ ಅಜ್ಜಿಯರು. ಮೈದಾನಕ್ಕೆ ಬಂದರೆ "ಏನ್ರೀ ಇದು, ಅಜ್ಜಿ ಸೀರೆ ಥರ ಉದ್ದ?" ಎನ್ನುವ ಕ್ರೀಡಾಧಿಕಾರಿ. ಹೆಣ್ಣುಮಕ್ಕಳ ಆಟ ನೋಡುವುದಕ್ಕೆ ಲಕ್ಷಣವಾಗಿರಬೇಕು ಎಂಬುದು ಆ ಸಾಹೇಬರ ಸಿದ್ಧಾಂತ. ಅವರ ಹೊಟ್ಟೆಯ ಲಕ್ಷಣದ ಬಗ್ಗೆ ನಾವು ಯಾರೂ ಮಾತಾಡುವ ಹಾಗಿರಲಿಲ್ಲ.

ಸುಳ್ಳು ಯಾಕೆ ಹೇಳಲಿ, ನನಗೆ ಆ ಸ್ಕರ್ಟು ಇಷ್ಟವೇ ಇತ್ತು. ಓಡುವಾಗ ಮಡಿಕೆಗಳು ಹಾರಿದರೆ ಏನೋ ಒಂದು ಗತ್ತು. ಆದರೆ ಹಾಕಿ ಎಂದರೆ ಬಗ್ಗಿ ಆಡುವ ಆಟ. ಗಾಳಿ ಬೀಸಿದ ದಿನ ಒಂದು ಕೈಯಲ್ಲಿ ಸ್ಟಿಕ್ಕು, ಇನ್ನೊಂದು ಕೈಯಲ್ಲಿ ಮರ್ಯಾದೆ. ಇನ್ನು ತಿಂಗಳ ಆ ದಿನಗಳಲ್ಲಿ ಬಿಳಿ ಬಟ್ಟೆಯ ಪಾಡು ನಿಮಗೆ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಆಟಕ್ಕೆ ಇಳಿಯುವ ಮೊದಲು ಬೇರೆ ತಂಡದವರು ದೇವರನ್ನು ನೆನೆಯುತ್ತಿದ್ದರು. ನಾವು ಒಬ್ಬರಿಗೊಬ್ಬರು ಬೆನ್ನು ತಿರುಗಿಸಿ "ಸರಿಯಿದೆಯೇನೇ?" ಎಂದು ಕೇಳಿಕೊಳ್ಳುತ್ತಿದ್ದೆವು. "ಸರಿಯಿದೆ, ನಡಿ" ಎಂದು ಯಾರಾದರೂ ಹೇಳಿದ ಮೇಲೆಯೇ ಕಾಲು ಮುಂದಕ್ಕೆ ಬರುತ್ತಿತ್ತು.

ನಸ್ರೀನ್ ಕಂಪನಿಗೆ ಬಂದದ್ದು ಗೋಲ್‌ಕೀಪರ್ ಆಗಿ ಅಲ್ಲ. ಅವಳದು ಮುಂದಿನ ಸಾಲಿನ ಆಟ. ಚೆಂಡು ಸಿಕ್ಕಿತೆಂದರೆ ಶಿವಾಜಿನಗರದ ಸಂತೆಯಲ್ಲಿ ಜನರ ನಡುವೆ ನುಸುಳುವ ಹಾಗೆ ನುಸುಳಿ ಗೋಲಿನ ಮುಂದೆ ನಿಂತಿರುತ್ತಿದ್ದಳು. ಕಾಲೇಜಿನಲ್ಲಿ ಟ್ರ್ಯಾಕ್ ಪ್ಯಾಂಟಿನಲ್ಲಿ ಆಡಿಕೊಂಡಿದ್ದವಳು. ಇಲ್ಲಿ ಸ್ಕರ್ಟಿಲ್ಲದೆ ಮೈದಾನಕ್ಕೆ ಇಳಿಯುವಂತಿರಲಿಲ್ಲ. ಪ್ಯಾಡು, ಹೆಲ್ಮೆಟ್ಟು, ದೊಗಲೆ ಪ್ಯಾಂಟು ಹಾಕುವ ಗೋಲ್‌ಕೀಪರ್‌ಗೆ ಮಾತ್ರ ವಿನಾಯಿತಿ. ಒಂದು ಬೆಳಿಗ್ಗೆ ನೋಡಿದರೆ ನಸ್ರೀನ್ ಪ್ಯಾಡು ಕಟ್ಟಿಕೊಂಡು ಗೋಲಿನಲ್ಲಿ ನಿಂತಿದ್ದಾಳೆ! ಅಷ್ಟು ಚೆನ್ನಾಗಿ ಓಡುವ ಕಾಲನ್ನು ಒಂದೇ ಕಡೆ ನಿಲ್ಲಿಸಿದ್ದರು. ಅವಳ ತಂದೆ ಬಂದು ಹೇಳಿಹೋದರಂತೆ, ಮಗಳು ಸ್ಕರ್ಟು ಹಾಕಕೂಡದು ಅಂತ. ಹೀಗೆಂದು ತಂಡದಲ್ಲೆಲ್ಲ ಗುಸುಗುಸು.

ಆ ತಂದೆಯನ್ನು ನಾವು ಚಾಚಾ ಎನ್ನುತ್ತಿದ್ದೆವು. ಶಿವಾಜಿನಗರದಲ್ಲಿ ಅವರದು ಛತ್ರಿ, ಬ್ಯಾಗುಗಳ ಅಂಗಡಿ. ಊರಲ್ಲಿ ಎಲ್ಲೇ ಪಂದ್ಯವಿರಲಿ, ಕಾಗದದ ಪೊಟ್ಟಣದಲ್ಲಿ ಈರುಳ್ಳಿ ಸಮೋಸ ಹಿಡಿದು ಬರುತ್ತಿದ್ದರು. ಬಂದವರು ಗೇಟಿನ ಪಕ್ಕ ಒಂದು ಕುರ್ಚಿ ಎಳೆದುಕೊಂಡು, ಮೈದಾನಕ್ಕೆ ಬೆನ್ನು ಹಾಕಿ, ರಸ್ತೆ ನೋಡುತ್ತ ಕೂರುತ್ತಿದ್ದರು! ಚಾಚಾ ಬಂದರು ಎಂದು ಯಾರಾದರೂ ಅಂದರೆ ಸಾಕು, ಅಂಚಿನಲ್ಲಿದ್ದವರೆಲ್ಲ ಟವೆಲ್ಲು ಹುಡುಕಿ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದೆವು. ಟವೆಲ್ಲು ಸಿಗದವಳೊಬ್ಬಳು ನೀರಿನ ಡ್ರಮ್ಮಿನ ಹಿಂದೆ ಅವಿತು ಅಲ್ಲಿಂದಲೇ ಸಮೋಸಕ್ಕೆ ಕೈ ಚಾಚಿದ್ದಳು. ಒಮ್ಮೆ ಕೊನೆಯ ಗಳಿಗೆಯಲ್ಲಿ ನಸ್ರೀನ್ ಪೆನಾಲ್ಟಿ ಹೊಡೆತ ತಡೆದಾಗ ಮೈದಾನಕ್ಕೆ ಮೈದಾನವೇ ಎದ್ದು ಕೂಗಿತು. ಚಾಚಾನ ಎರಡು ಭುಜವೂ ಒಮ್ಮೆ ಮೇಲೆದ್ದು ಇಳಿದವು. ಕತ್ತು ಮಾತ್ರ ತಿರುಗಲಿಲ್ಲ. ಎಂಥ ಕಲ್ಲು ಮನುಷ್ಯನಪ್ಪಾ ಎಂದುಕೊಂಡು, ಅವರು ತಂದ ಸಮೋಸವನ್ನೇ ತಿನ್ನುತ್ತ ಅವರನ್ನು ಬೈದುಕೊಂಡೆವು. ಬಾಯಿಗೆ ಎರಡೂ ಕೆಲಸ ಬರುತ್ತದಲ್ಲ.

ಚಾಚಾ ಹೋಗಿ ವರ್ಷಗಳಾದವು. ಶನಿವಾರ ನಾನು ಮೈದಾನಕ್ಕೆ ಹೋದಾಗ ಅವರ ನೆನಪೇ ಇರಲಿಲ್ಲ, ತಲೆಯ ತುಂಬ ಭಾಗ್ಯಳೇ ಇದ್ದಳು. ಕಲಬುರಗಿ ಕಡೆಯವರು, ರಾಮಮೂರ್ತಿ ನಗರದಲ್ಲಿ ಬಾಡಿಗೆ ಮನೆ. ಅಪ್ಪ ಶರಣಪ್ಪ ಆಟೋ ಓಡಿಸುತ್ತಾರೆ. ಹುಡುಗಿ ಮುಂದಿನ ಸಾಲಿನಲ್ಲಿ ಆಡುತ್ತಾಳೆ, ಚೆಂಡು ಸಿಕ್ಕರೆ ಹಿಡಿಯುವವರಿಲ್ಲ. ಲೀಗ್ ಸೇರಿದರೆ ಅದೇ ಅವಳ ನೌಕರಿ, ಅದೇ ಬದುಕು. ಆದರೆ ತಂಡದವರು ಕೊಟ್ಟ ಸ್ಕರ್ಟನ್ನು ಒಂದು ದಿನ ಹಾಕಿಕೊಂಡು ಆಡಿದವಳು, ಅಂಚು ಎಳೆದುಕೊಳ್ಳುವುದರಲ್ಲೇ ಚೆಂಡು ಬಿಟ್ಟಳಂತೆ.

ತಂಡದ ಮ್ಯಾನೇಜರು ಬಂದಿದ್ದ. ಇಂದಿರಾನಗರದ ಆಫೀಸಿನ ಹುಡುಗ, ನಯವಾದ ಮಾತು. ಒರಟನಾಗಿದ್ದರೆ ಜಗಳವಾಡುವುದಕ್ಕಾದರೂ ಸುಲಭವಿತ್ತು.

"ಯೂನಿಫಾರ್ಮ್ ಒಂದೇ ಥರ ಇರ್ಬೇಕು ಮೇಡಂ, ಟೀವಿಯಲ್ಲಿ ಬರುತ್ತಲ್ಲ. ಆದ್ರೆ ಫ್ಯಾಮಿಲಿ ಪ್ರಾಬ್ಲಂ ಇದ್ರೆ ಅರ್ಥ ಮಾಡ್ಕೋತೀವಿ. ಅವರ ತಂದೆ ಒಂದ್ಮಾತು ಬೇಡ ಅಂದ್ರೆ ಸಾಕು, ಅವಳೊಬ್ಬಳಿಗೆ ಶಾರ್ಟ್ಸ್ ಕೊಡಿಸ್ತೀನಿ."

ಪಕ್ಕದಲ್ಲೇ ನಿಂತಿದ್ದ ಶರಣಪ್ಪನವರ ಮುಖ ಅರಳಿತು. "ಅಷ್ಟೇ ಏನ್ರೀ? ನಾ ಹೇಳ್ತೀನಿ ತಗೋರಿ. ಅದರಾಗೇನದ? ಮಗಳ ಸಲುವಾಗಿ ಕೆಟ್ಟಾವ ಅನ್ನಿಸ್ಕೋತೀನಿ."

ಸದ್ಯ, ಮುಗಿಯಿತಲ್ಲ ಎಂದು ನಾನೂ ತಲೆಯಾಡಿಸಿದೆ. ನಸ್ರೀನ್ ಮಾತ್ರ ಅವರ ಕೈ ಹಿಡಿದು ನಿಲ್ಲಿಸಿದಳು.

"ಬೇಡ ಅಣ್ಣಾ. ನಾನೂ ನಮ್ಮ ಅಬ್ಬಾ ಕೈಲಿ ಹೀಗೇ ಹೇಳಿಸಿದ್ದೆ. ಸ್ಕರ್ಟ್ ಬೇಡ ಅಂದಿದ್ದು ಅಬ್ಬಾ ಅಲ್ಲ, ನಾನು. ನಂಗಿಷ್ಟ ಇಲ್ಲ ಸಾರ್ ಅಂದ್ರೆ ಶಿಸ್ತಿಲ್ಲ, ಟೀಮಿಂದ ತೆಗೀತೀನಿ ಅಂದ್ರು ನಮ್ಮ ಕಂಪನಿ ಸಾಹೇಬ್ರು. ಅಬ್ಬಾ ಬಂದು ನಂಗಿಷ್ಟ ಇಲ್ಲ ಅಂದ್ರೆ ಕುರ್ಚಿ ಕೊಟ್ಟು ಕೂರಿಸಿ ಟೀ ಕುಡಿಸಿದ್ರು. ಟೀಮಲ್ಲಿ ಉಳ್ಕೊಂಡೆ, ಗೋಲಲ್ಲಿ ನಿಂತೆ. ಆದ್ರೆ ಅಷ್ಟು ಹೇಳಿದ್ಮೇಲೆ ಅಬ್ಬಾ ಖುಷಿಯಾಗಿ ಮ್ಯಾಚ್ ನೋಡ್ತಾ ಕೂತ್ರೆ ಸಾಹೇಬ್ರು ಸುಮ್ನಿರ್ತಾರಾ? ಅದಕ್ಕೇ ಬೆನ್ನು ತಿರುಗಿಸ್ಕೊಂಡು ಕೂರೋರು. ಮನೆಗೆ ಬಂದು, 'ಆ ಕೂಗು ಬಂತಲ್ಲ ಬೇಟಾ, ಏನಾಯ್ತು ಹೇಳು' ಅಂತ ಎಲ್ಲಾ ಹೇಳಿಸ್ಕೊಳ್ಳೋರು. ನನ್ನ ಆಟಾನ ಅಬ್ಬಾ ಕಿವೀಲಿ ಕೇಳಿದ್ರು ಅಷ್ಟೇ. ಒಂದು ಮ್ಯಾಚೂ ಕಣ್ಣಲ್ಲಿ ನೋಡ್ಲಿಲ್ಲ."

ಇಷ್ಟು ವರ್ಷ ಜೊತೆಗಿದ್ದರೂ ಈ ಮಾತನ್ನು ಅವಳು ನನಗೆ ಹೇಳಿರಲಿಲ್ಲ. ಕಲ್ಲು ಮನುಷ್ಯನಂತೆ! ನಾವು ಟವೆಲ್ಲು ಸುತ್ತಿಕೊಂಡು ಯಾರಿಂದ ಮರೆಯಾಗುತ್ತಿದ್ದೆವೋ ಆ ಮನುಷ್ಯ ಒಮ್ಮೆ ತಿರುಗಿ ನೋಡಬೇಕೆಂದು ಅಲ್ಲಿ ಒದ್ದಾಡುತ್ತಿದ್ದರು. ಹೆಣ್ಣುಮಗಳು ತನ್ನ ಮೈಮೇಲಿನ ಬಟ್ಟೆಯ ಬಗ್ಗೆ ಬೇಡವೆಂದರೆ ಅದು ಹಟ. ಅದೇ ಬೇಡವನ್ನು ಅಪ್ಪನ ಬಾಯಿಂದ ಹೇಳಿಸಿದರೆ ಅದು ಕಾರಣ. ಇದು ಯಾವ ಊರಿನ ನ್ಯಾಯ, ನೀವೇ ಹೇಳಿ.

ನಸ್ರೀನ್ ಭಾಗ್ಯಳನ್ನು ಮ್ಯಾನೇಜರನ ಮುಂದೆ ನಿಲ್ಲಿಸಿ ಬೆನ್ನು ತಟ್ಟಿದಳು. "ನೀನೇ ಹೇಳು."

ಭಾಗ್ಯ ಸ್ಟಿಕ್ಕಿನ ತುದಿಯಿಂದ ಮಣ್ಣು ಕೆರೆಯುತ್ತ ಶುರುಮಾಡಿದಳು. "ಸರ್, ನಮ್ಮಪ್ಪಂದು ಏನಿಲ್ರಿ. ನನಗೇ ಬ್ಯಾಡ. ಅದ ಹಾಕ್ಕೊಂಡ್ರ ನನ್ನ ಲಕ್ಷ್ಯ ಚೆಂಡಿನ ಮ್ಯಾಲ ಇರಂಗಿಲ್ಲ. ಹುಡುಗರು ಹಾಕ್ಕೋತಾರಲ್ಲ, ಅಂಥಾ ಚಡ್ಡಿ ಕೊಡ್ರಿ. ನನಗೊಬ್ಬಾಕಿಗೆ ಅಲ್ಲ, ಯಾರಿಗೆ ಬೇಕೋ ಅವರಿಗೆಲ್ಲ."

ಮೇಲಿನವರನ್ನು ಕೇಳಿ ಹೇಳುತ್ತೇನೆಂದು ಮ್ಯಾನೇಜರು ಹೋದ. ಆ ವಾರವೆಲ್ಲ ನನಗೆ ನಿದ್ದೆಯಿಲ್ಲ. ಹುಡುಗಿಯ ಅನ್ನಕ್ಕೆ ನಾವೇ ಕಲ್ಲು ಹಾಕಿದೆವೋ ಏನೋ, ಆ ಅಪ್ಪ ಒಂದು ಮಾತು ಹೇಳಿ ಮುಗಿಸಿಬಿಡುತ್ತಿದ್ದರಲ್ಲ ಎಂದು ಗೊಂಬೆ ಜೋಡಿಸುವಾಗಲೂ ಅದೇ ಯೋಚನೆ. ರಾಣಿಯನ್ನು ರಾಜನ ಎಡಕ್ಕಿಡುವ ಬದಲು ಬಲಕ್ಕಿಟ್ಟು ಸೊಸೆಯಿಂದ ಬೈಸಿಕೊಂಡೆ. ಕೊನೆಗೆ ನಸ್ರೀನ್ ಫೋನ್ ಮಾಡಿದಳು. ಸ್ಕರ್ಟು ಬೇಕಾದವರಿಗೆ ಸ್ಕರ್ಟು, ಚಡ್ಡಿ ಬೇಕಾದವರಿಗೆ ಚಡ್ಡಿ, ಬಣ್ಣ ಮಾತ್ರ ಒಂದೇ ಇರಲಿ ಎಂದರಂತೆ. ಬಣ್ಣವೂ ಕಡುನೀಲಿ, ಬಿಳಿಯಲ್ಲ. "ಅಲ್ಹಮ್ದುಲಿಲ್ಲಾ" ಎಂದು ಅವಳು, "ತಾಯೀ ಚಾಮುಂಡಿ" ಎಂದು ನಾನು, ಇಬ್ಬರೂ ಫೋನಿನಲ್ಲಿ ಅತ್ತೆವು. ಲಿಂಗರಾಜಪುರದ ಒಬ್ಬ ಹುಡುಗಿ ಸ್ಕರ್ಟನ್ನೇ ಆರಿಸಿಕೊಂಡಳು. "ನಂಗೆ ಅದೇ ಇಷ್ಟ ಆಂಟಿ, ಹಾರುತ್ತಲ್ಲ." ನನ್ನ ಗತ್ತಿಗೂ ಒಬ್ಬಳು ವಾರಸುದಾರಳು ಸಿಕ್ಕಳು!

ಇವತ್ತು ಭಾಗ್ಯಳ ತಂಡದ ಅಭ್ಯಾಸ ಪಂದ್ಯವಿತ್ತು. ಅಲ್ಲಿಂದಲೇ ಈಗ ಬಂದು ಇದನ್ನು ಬರೆಯುತ್ತಿದ್ದೇನೆ. ಬಿಳಿ ಸ್ಕರ್ಟನ್ನು ಒರೆಸುವ ಬಟ್ಟೆ ಮಾಡಲಿಲ್ಲ. ಒಗೆದು ಮಡಿಸಿಟ್ಟಿದ್ದೇನೆ, ಹಬ್ಬ ಮುಗಿದ ಮೇಲೆ ಮಹಾರಾಣಿಯವರಿಗೆ ಬೇಕಾಗುತ್ತದೆ.

ಪಂದ್ಯಕ್ಕೆ ಬಂದ ಶರಣಪ್ಪ ಆಟೋ ಗೇಟಿನ ಹೊರಗೆ ನಿಲ್ಲಿಸಿ, ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು, ಆಟೋವನ್ನೇ ಕಾಯುತ್ತ ರಸ್ತೆಗೆ ಮುಖ ಮಾಡಿ ಕೂತರು. ನೋಡಿದ ಕೂಡಲೇ ನನಗೆ ಚಾಚಾ ನೆನಪಾದರು. ನಸ್ರೀನೂ ನೋಡಿದಳು. ಸರಸರ ಹೋಗಿ, "ಏಳಿ ಅಣ್ಣಾ" ಎಂದು ಅವರನ್ನು ಎಬ್ಬಿಸಿ, ಕುರ್ಚಿಯನ್ನು ಮೈದಾನದ ಕಡೆಗೆ ತಿರುಗಿಸಿದಳು.

"ಆಟೋ ಯಾರು ನೋಡ್ತಾರ್ರೀ ಮೇಡಂ? ಇಲ್ಲಿ ನಿಲ್ಲಿಸಿದ್ರ ಪೊಲೀಸ್ರು ಎಳ್ಕೊಂಡು ಹೋಗ್ತಾರ."

"ಆಟೋನ ನಾನು ನೋಡ್ಕೋತೀನಿ. ನೀವು ಮಗಳನ್ನ ನೋಡಿ."

ಹೇಳಿದ ಹಾಗೆಯೇ ಅವಳು ಗೇಟಿನಲ್ಲಿ ರಸ್ತೆ ನೋಡುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಭಾಗ್ಯ ಚೆಂಡು ಹಿಡಿದು ಹೊರಟಳು. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು, ಗೋಲು! ಶರಣಪ್ಪ ಕುರ್ಚಿಯಿಂದ ಎಗರಿ, "ನೋಡಿದ್ರೇನ್ರೀ? ನಮ್ಮ ಹುಡುಗೀರಿ!" ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ನಾನು ಗೇಟಿನ ಕಡೆ ನೋಡಿದೆ. ನಸ್ರೀನ್‌ಳ ಎರಡು ಭುಜವೂ ಒಮ್ಮೆ ಮೇಲೆದ್ದು ಇಳಿದವು. ಥೇಟ್ ಚಾಚಾನ ಭುಜ. ಕತ್ತು ತಿರುಗಿರಲಿಲ್ಲ.

ಹೋಗಿ ಆ ಭುಜ ಹಿಡಿದು ಅವಳನ್ನು ಮೈದಾನದ ಕಡೆ ತಿರುಗಿಸಿದೆ. "ನೋಡೇ ಮಾರಾಯ್ತಿ" ಎಂದೆ, "ಆಟೋ ಹೋದ್ರೆ ಹೋಗ್ಲಿ."